42 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಿ ಅನ್ನೋ ನಿಯಮ ನಿಜಕ್ಕೂ ಯಾರಿಗೆ ಅನ್ವಯ?

ಬೆಳಿಗ್ಗೆ ಆಫೀಸಿನಲ್ಲಿ ಲಾಗಿನ್ ಆಗುತ್ತಿದ್ದಂತೆ ಪರದೆಯ ಮೂಲೆಯಲ್ಲಿ ಒಂದು ಸೂಚನೆ ಬರುತ್ತದೆ. ನಿಮ್ಮ ಪಾಸ್‌ವರ್ಡ್ ಅವಧಿ ಐದು ದಿನದಲ್ಲಿ ಮುಗಿಯುತ್ತದೆ, ಬದಲಿಸಿಕೊಳ್ಳಿ. ಬ್ಯಾಂಕಿನಲ್ಲಿ, ಕಾಲೇಜಿನಲ್ಲಿ, ಸರ್ಕಾರಿ ಕಚೇರಿಯಲ್ಲಿ, ಐಟಿ ಕಂಪನಿಯಲ್ಲಿ ಕೆಲಸ ಮಾಡುವವರಿಗೆಲ್ಲ ಇದು ಗೊತ್ತಿರುವ ವಿಷಯ. ಆಗ ಹೆಚ್ಚಿನವರು ಮಾಡುವುದೂ ಒಂದೇ. ಕೊನೆಯಲ್ಲಿ 3 ಇದ್ದದ್ದು 4 ಆಗುತ್ತದೆ. ಕೆಲಸ ಮುಗೀತು.

ಈ ನಿಯಮ ಎಲ್ಲಿಂದ ಬಂತು, ಯಾವ ಅಕೌಂಟಿಗೆ ಅನ್ವಯಿಸುತ್ತದೆ, ಯಾವುದನ್ನು ಮುಟ್ಟುವುದೇ ಇಲ್ಲ ಅನ್ನುವುದು ನಿಯಮ ಹಾಕಿದವರಿಗೂ ಎಷ್ಟೋ ಸಲ ಸರಿಯಾಗಿ ಗೊತ್ತಿರುವುದಿಲ್ಲ. ಅದರ ಪರಿಣಾಮ ಸಣ್ಣದಲ್ಲ. ನಿಯಮದ ಪೂರ್ತಿ ಭಾರ ಗುಮಾಸ್ತರು, ಕ್ಯಾಷಿಯರ್‌ಗಳು, ಮೇಷ್ಟ್ರುಗಳ ಮೇಲೆ ಬೀಳುತ್ತದೆ. ಕಳ್ಳರಿಗೆ ನಿಜವಾಗಿ ಬೇಕಾದ ಅಕೌಂಟ್‌ಗಳು ಮಾತ್ರ ಹತ್ತು ವರ್ಷದ ಹಳೇ ಪಾಸ್‌ವರ್ಡ್ ಇಟ್ಟುಕೊಂಡು ಹಾಗೇ ಕೂತಿರುತ್ತವೆ. ಸಮಸ್ಯೆಯ ಬೇರು ಇಲ್ಲೇ ಇದೆ ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಆ 42ರ ಕಥೆ. ಹತ್ತಾರು ವಿಂಡೋಸ್ ಕಂಪ್ಯೂಟರ್‌ಗಳನ್ನು ಒಂದೇ ಕಡೆಯಿಂದ ನಿಭಾಯಿಸಬೇಕಾದ ಆಫೀಸುಗಳು ಸಾಮಾನ್ಯವಾಗಿ ಮೈಕ್ರೋಸಾಫ್ಟಿನ ಆಕ್ಟಿವ್ ಡೈರೆಕ್ಟರಿ ಬಳಸುತ್ತವೆ. ಆಫೀಸಿನ ಎಲ್ಲ ಸಿಸ್ಟಮ್‌ಗಳೂ ಒಂದು ಡೊಮೈನ್‌ಗೆ, ಅಂದರೆ ಒಂದೇ ಕಡೆಯಿಂದ ನಿಭಾಯಿಸುವ ಗುಂಪಿಗೆ, ಸೇರಿರುತ್ತವೆ. ಹೊಸ ಡೊಮೈನ್ ಮಾಡಿದ ಕೂಡಲೇ ಅದರಲ್ಲಿ ಒಂದು ಪಾಸ್‌ವರ್ಡ್ ಪಾಲಿಸಿ ತಾನಾಗೇ ಬಂದು ಕೂರುತ್ತದೆ. ಕನಿಷ್ಠ 7 ಅಕ್ಷರ. ಹೆಚ್ಚೆಂದರೆ 42 ದಿನ. ಹಿಂದಿನ 24 ಪಾಸ್‌ವರ್ಡ್‌ಗಳನ್ನು ಮತ್ತೆ ಬಳಸುವಂತಿಲ್ಲ. ಒಮ್ಮೆ ಬದಲಿಸಿದರೆ ಒಂದು ದಿನ ಕಳೆಯುವವರೆಗೆ ಮತ್ತೆ ಬದಲಿಸುವಂತಿಲ್ಲ. ಜೊತೆಗೆ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಬೆರೆಸಬೇಕು ಅನ್ನುವ ಷರತ್ತು. ಯಾರೂ ಕೂತು ಯೋಚಿಸಿ ನಿಮ್ಮ ಆಫೀಸಿಗೆಂದು 42 ಆರಿಸಿದ್ದಲ್ಲ. ಅದು ಪೆಟ್ಟಿಗೆಯೊಳಗೇ ಬಂದ ಸಂಖ್ಯೆ.

ಒಂದು ದಿನ ಕಾಯಬೇಕೆಂಬ ಷರತ್ತು ಸುಮ್ನೆ ಹಾಕಿದ್ದಲ್ಲ. ಅದಿಲ್ಲದಿದ್ದರೆ ಕೂತಲ್ಲೇ 24 ಸಲ ಬದಲಿಸಿ ಮತ್ತೆ ಹಳೇ ಪಾಸ್‌ವರ್ಡ್‌ಗೇ ಬಂದುಬಿಡಬಹುದು. ಆದರೆ ಇದರಿಂದ ಒಂದು ಪೇಚು ಇದೆ. ಬೆಳಿಗ್ಗೆ ಹೊಸ ಪಾಸ್‌ವರ್ಡ್ ಹಾಕುವಾಗ ಪಕ್ಕದವರು ನೋಡಿಬಿಟ್ಟರು ಅಂದುಕೊಳ್ಳಿ. ಅವತ್ತೇ ನೀವಾಗಿ ಬದಲಿಸಲು ಆಗುವುದಿಲ್ಲ. ಐಟಿಯವರಿಗೆ ಹೇಳಿ ರೀಸೆಟ್ ಮಾಡಿಸಬೇಕು. ರೀಸೆಟ್‌ಗೆ ಈ ಒಂದು ದಿನದ ತಡೆ ಇಲ್ಲ. ಇದನ್ನು ಯಾರೂ ಹೇಳಿಕೊಡದ ಕಾರಣ, ಪಾಸ್‌ವರ್ಡ್ ಬೇರೆಯವರಿಗೆ ಗೊತ್ತಾಗಿದೆ ಅಂತ ಗೊತ್ತಿದ್ದೂ ಜನ ಸುಮ್ಮನಿರುತ್ತಾರೆ.

ಅಕೌಂಟ್ ಎಲ್ಲಿದೆಯೋ ಅಲ್ಲಿನ ನಿಯಮ

ಆಫೀಸಿನ ಒಂದು ಕಂಪ್ಯೂಟರಿನಲ್ಲಿ ಎರಡು ಥರದ ಅಕೌಂಟ್ ಇರುತ್ತವೆ. ಒಂದು ಡೊಮೈನ್ ಅಕೌಂಟ್. ನೀವು ದಿನಾ ಲಾಗಿನ್ ಆಗುವುದು ಇದರಲ್ಲೇ. ಇದು ನಿಮ್ಮ ಮೇಜಿನ ಮೇಲಿರುವ ಸಿಸ್ಟಮ್‌ನಲ್ಲಿ ಇರುವುದಿಲ್ಲ. ಡೊಮೈನ್ ಕಂಟ್ರೋಲರ್ ಅನ್ನುವ ಸರ್ವರ್‌ನಲ್ಲಿ ಇರುತ್ತದೆ. ಇನ್ನೊಂದು ಲೋಕಲ್ ಅಕೌಂಟ್. ಅದು ಆ ಒಂದು ಕಂಪ್ಯೂಟರಿನ ಒಳಗೇ ಇರುತ್ತದೆ. ವಿಂಡೋಸ್ ಹಾಕುವಾಗಲೇ ಹುಟ್ಟುವ ಅಡ್ಮಿನಿಸ್ಟ್ರೇಟರ್ ಅಕೌಂಟ್ ಇಂಥದ್ದು.

ಯಾವ ಮನೆಯಲ್ಲಿದ್ದೀರೋ ಆ ಮನೆಯ ಕಟ್ಟಳೆ ಪಾಲಿಸಬೇಕಲ್ವಾ, ಪಾಸ್‌ವರ್ಡ್ ನಿಯಮವೂ ಹಾಗೇ. ನೀವು ಯಾವ ಕುರ್ಚಿಯಲ್ಲಿ, ಯಾವ ಸಿಸ್ಟಮ್ ಮುಂದೆ ಕೂತಿದ್ದೀರಿ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಅಕೌಂಟ್ ಎಲ್ಲಿ ದಾಖಲಾಗಿದೆ ಅನ್ನುವುದೇ ಮುಖ್ಯ. ಡೊಮೈನ್ ಅಕೌಂಟ್‌ಗಳಿಗೆಲ್ಲ ಇಡೀ ಡೊಮೈನ್‌ಗೆ ಜೋಡಿಸಿದ ಪಾಲಿಸಿಯೇ ಅನ್ವಯ.

ಇದನ್ನು ತಿಳಿಯದೆ ಆಗುವ ಎಡವಟ್ಟು ಬಹಳ ಸಾಮಾನ್ಯ. ಒಂದು ಆಫೀಸಿನಲ್ಲಿ ಅಕೌಂಟ್ಸ್ ವಿಭಾಗದವರಿಗೆ ಮಾತ್ರ ಬಿಗಿ ನಿಯಮ ಬೇಕು ಅಂತ ತೀರ್ಮಾನವಾಗುತ್ತದೆ. ಹಣದ ಲೆಕ್ಕ ಅವರ ಕೈಯಲ್ಲಿದೆ, ಹಾಗಾಗಿ 14 ಅಕ್ಷರ ಇರಲಿ. ಐಟಿಯ ಹುಡುಗ ಆಕ್ಟಿವ್ ಡೈರೆಕ್ಟರಿಯಲ್ಲಿ ಅಕೌಂಟ್ಸ್ ಅಂತ ಒಂದು ಒಯು, ಅಂದರೆ ಆರ್ಗನೈಸೇಶನಲ್ ಯುನಿಟ್, ಮಾಡುತ್ತಾನೆ. ಆ ವಿಭಾಗದ ಜನರನ್ನೂ ಅವರ ಸಿಸ್ಟಮ್‌ಗಳನ್ನೂ ಅದರೊಳಗೆ ಹಾಕುತ್ತಾನೆ. ಒಂದು ಹೊಸ ಗ್ರೂಪ್ ಪಾಲಿಸಿಯಲ್ಲಿ, ಅಂದರೆ ಸರ್ವರ್‌ನಿಂದ ಸಿಸ್ಟಮ್‌ಗಳಿಗೆ ಹೋಗುವ ಸೆಟ್ಟಿಂಗ್‌ಗಳ ಕಟ್ಟಿನಲ್ಲಿ, 14 ಅಂತ ಬರೆದು ಆ ಒಯುಗೆ ಜೋಡಿಸುತ್ತಾನೆ. ಎಲ್ಲೂ ಎರರ್ ಬರುವುದಿಲ್ಲ. ರಿಪೋರ್ಟ್ ತೆಗೆದರೆ ಪಾಲಿಸಿ ಅನ್ವಯವಾಗಿದೆ ಅಂತಲೇ ತೋರಿಸುತ್ತದೆ.

ಆದರೆ ಅಕೌಂಟ್ಸ್ ವಿಭಾಗದವರು ಮರುದಿನ 7 ಅಕ್ಷರದ ಪಾಸ್‌ವರ್ಡ್ ಹಾಕಿದರೂ ಅದು ನಡೆಯುತ್ತದೆ. ಯಾಕೆ? ಅವರ ಅಕೌಂಟ್ ಇರುವುದು ಡೊಮೈನ್ ಕಂಟ್ರೋಲರ್‌ನಲ್ಲಿ. ಅಲ್ಲಿ ಈ ಒಯುವಿನ ನಿಯಮಕ್ಕೆ ಬೆಲೆ ಇಲ್ಲ. ಆ 14 ಅಕ್ಷರದ ನಿಯಮ ಬಿದ್ದದ್ದು ಅವರ ಸಿಸ್ಟಮ್‌ಗಳಲ್ಲಿರುವ ಲೋಕಲ್ ಅಕೌಂಟ್‌ಗಳ ಮೇಲೆ. ಅದನ್ನು ದಿನನಿತ್ಯ ಯಾರೂ ಬಳಸುವುದೇ ಇಲ್ಲ. ಕಾಗದದ ಮೇಲೆ ನಿಯಮ ಇದೆ, ಆಡಿಟ್‌ನವರಿಗೆ ತೋರಿಸಲು ಸ್ಕ್ರೀನ್‌ಶಾಟ್ ಇದೆ, ರಕ್ಷಣೆ ಮಾತ್ರ ಇಲ್ಲ.

ಬೇರೆ ಬೇರೆ ಜನರಿಗೆ ಬೇರೆ ನಿಯಮ ಬೇಕಿದ್ದರೆ ದಾರಿ ಇದೆ. ವಿಂಡೋಸ್ ಸರ್ವರ್ 2008ರಲ್ಲಿ ಫೈನ್ ಗ್ರೇನ್ಡ್ ಪಾಸ್‌ವರ್ಡ್ ಪಾಲಿಸಿ ಅನ್ನುವ ಸೌಲಭ್ಯ ಬಂತು. ಅದಕ್ಕೂ ಮೊದಲು ಎರಡು ಥರದ ನಿಯಮ ಬೇಕಿದ್ದರೆ ಎರಡು ಡೊಮೈನ್‌ಗಳನ್ನೇ ಕಟ್ಟಬೇಕಿತ್ತು. ಈ ಸೌಲಭ್ಯವನ್ನು ಒಯುಗೆ ಜೋಡಿಸಲು ಬರುವುದಿಲ್ಲ. ವ್ಯಕ್ತಿಯ ಅಕೌಂಟಿಗೆ ಅಥವಾ ಗ್ಲೋಬಲ್ ಸೆಕ್ಯುರಿಟಿ ಗ್ರೂಪಿಗೆ ಜೋಡಿಸಬೇಕು. ಒಬ್ಬರು ಎರಡು ಗ್ರೂಪಿನಲ್ಲಿದ್ದರೆ, ಯಾವ ಪಾಲಿಸಿಯ ಆದ್ಯತಾ ಸಂಖ್ಯೆ ಚಿಕ್ಕದೋ ಅದು ಗೆಲ್ಲುತ್ತದೆ. ನೇರವಾಗಿ ಅವರ ಹೆಸರಿಗೇ ಜೋಡಿಸಿದ್ದಿದ್ದರೆ ಅದೇ ಎಲ್ಲಕ್ಕಿಂತ ಮೇಲು. ಹದಿನೈದು ವರ್ಷ ದಾಟಿದ ಸೌಲಭ್ಯ ಇದು. ಇವತ್ತಿಗೂ ಒಯುಗೆ ಪಾಲಿಸಿ ಜೋಡಿಸಿ ನೆಮ್ಮದಿಯಾಗಿರುವವರು ಇದ್ದಾರೆ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ನಿಯಮದಲ್ಲಿ 7 ಇದ್ದದ್ದನ್ನು 14 ಮಾಡಿದ ಕ್ಷಣ ಯಾರ ಪಾಸ್‌ವರ್ಡೂ ಬದಲಾಗುವುದಿಲ್ಲ. ಸರ್ವರ್‌ನಲ್ಲಿ ಇರುವುದು ಪಾಸ್‌ವರ್ಡ್ ಅಲ್ಲ, ಅದರ ಹ್ಯಾಶ್, ಅಂದರೆ ಪಾಸ್‌ವರ್ಡ್‌ನಿಂದ ಲೆಕ್ಕ ಹಾಕಿ ತೆಗೆದ, ಹಿಂದಕ್ಕೆ ತಿರುಗಿಸಲಾಗದ ಒಂದು ಗುರುತು. ಹ್ಯಾಶ್ ನೋಡಿ ಮೂಲ ಪಾಸ್‌ವರ್ಡ್ 7 ಅಕ್ಷರದ್ದೋ 20 ಅಕ್ಷರದ್ದೋ ಹೇಳಲು ಆಗುವುದಿಲ್ಲ. ಹಾಗಾಗಿ ಉದ್ದದ ನಿಯಮ ಕೆಲಸ ಮಾಡುವುದು ಆ ವ್ಯಕ್ತಿ ಮುಂದಿನ ಸಲ ಪಾಸ್‌ವರ್ಡ್ ಬದಲಿಸಿದಾಗ ಮಾತ್ರ. ಅವಧಿಯ ನಿಯಮ ಹಾಗಲ್ಲ. ಅದು ಕೊನೆಯ ಸಲ ಬದಲಿಸಿದ ದಿನಾಂಕದಿಂದ ಲೆಕ್ಕ ಹಾಕುತ್ತದೆ. ಅವಧಿಯೇ ಇಲ್ಲದ ಆಫೀಸಿನಲ್ಲಿ ದಿಢೀರನೆ 90 ದಿನ ಅಂತ ಹಾಕಿದರೆ, ಮೂರು ತಿಂಗಳಿಂದ ಬದಲಿಸದ ಎಲ್ಲರದ್ದೂ ಒಟ್ಟಿಗೇ ಮುಗಿದುಹೋಗುತ್ತದೆ. ಸೋಮವಾರ ಬೆಳಿಗ್ಗೆ ಐಟಿಯವರ ಫೋನಿಗೆ ಬಿಡುವೇ ಇರುವುದಿಲ್ಲ.

ಈ ಎರಡನ್ನೂ ಸೇರಿಸಿ ನೋಡಿ. ಅಕೌಂಟ್ ಸೆಟ್ಟಿಂಗ್‌ನಲ್ಲಿ "ಪಾಸ್‌ವರ್ಡ್ ಎಂದೂ ಮುಗಿಯುವುದಿಲ್ಲ" ಅನ್ನುವ ಒಂದು ಟಿಕ್ ಇದೆ. ಅದನ್ನು ಹಾಕಿದ ಅಕೌಂಟ್ ಬದಲಾವಣೆಗೆ ಬರುವುದೇ ಇಲ್ಲ. ಹಾಗಾಗಿ ಹೊಸ ಉದ್ದದ ನಿಯಮವೂ ಅದಕ್ಕೆ ತಾಗುವುದಿಲ್ಲ. ಈ ಟಿಕ್ ಯಾರಿಗೆ ಹಾಕಿರುತ್ತಾರೆ? ಪದೇ ಪದೇ ಬದಲಿಸುವುದು ಕಿರಿಕಿರಿ ಅಂದ ಸಾಹೇಬರಿಗೆ. ಬ್ಯಾಕಪ್ ತೆಗೆಯುವ ಸರ್ವಿಸ್ ಅಕೌಂಟಿಗೆ, ಅಂದರೆ ಮನುಷ್ಯರ ಬದಲು ತಂತ್ರಾಂಶ ಬಳಸುವ ಅಕೌಂಟಿಗೆ. ಟ್ಯಾಲಿ ಸರ್ವರ್‌ಗೆಂದು ಯಾರೋ ಹಿಂದೆ ಮಾಡಿಟ್ಟ ಅಕೌಂಟಿಗೆ. ಕೆಲಸ ಬಿಟ್ಟುಹೋದ ವೆಂಡರ್‌ನ ಲಾಗಿನ್‌ಗೆ. ಇವುಗಳಿಗೇ ಅಧಿಕಾರ ಜಾಸ್ತಿ. ಕ್ಯಾಷಿಯರ್ ಅಮ್ಮನ ಪಾಸ್‌ವರ್ಡ್ ಸಿಕ್ಕಿದರೆ ಕಳ್ಳನಿಗೆ ಒಂದು ಕೌಂಟರ್ ಸಿಗುತ್ತದೆ. ಬ್ಯಾಕಪ್ ಅಕೌಂಟಿನದು ಸಿಕ್ಕಿದರೆ ಇಡೀ ಆಫೀಸು ಸಿಗುತ್ತದೆ. ನಮ್ಮ ನಿಯಮ ಹಿಡಿಯುವುದು ಕ್ಯಾಷಿಯರ್ ಅಮ್ಮನನ್ನು.

ಲೋಕಲ್ ಅಡ್ಮಿನಿಸ್ಟ್ರೇಟರ್ ಅಕೌಂಟಿನದು ಇನ್ನೂ ದೊಡ್ಡ ಕಥೆ. ಸಿಸ್ಟಮ್‌ಗಳನ್ನು ಸಿದ್ಧಪಡಿಸುವಾಗ ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಹಾಕುವ ಅಭ್ಯಾಸ ಬಹಳ ಕಡೆ ಇದೆ. ಒಂದರಲ್ಲಿ ಅದರ ಹ್ಯಾಶ್ ಸಿಕ್ಕಿದರೆ ಸಾಕು, ಪಾಸ್‌ವರ್ಡ್ ಏನೆಂದು ಕಂಡುಹಿಡಿಯಬೇಕಾಗಿಯೂ ಇಲ್ಲ. ಆ ಹ್ಯಾಶ್ ಬಳಸಿಯೇ ಪಕ್ಕದ ಸಿಸ್ಟಮ್‌ಗೆ ನುಗ್ಗಬಹುದು. ನೆಟ್‌ವರ್ಕ್‌ನಲ್ಲಿ ಲಾಗಿನ್ ಮಾಹಿತಿ ಕದ್ದು ಹರಡುವುದು ಎಷ್ಟು ವೇಗ ಅನ್ನುವುದನ್ನು 2017ರ ಜೂನ್ 27ರಂದು ಜಗತ್ತು ನೋಡಿತು. ನಾಟ್‌ಪೆಟ್ಯಾ ಅನ್ನುವ ಮಾಲ್‌ವೇರ್ ಒಂದು ಸಿಸ್ಟಮ್‌ಗೆ ಹೊಕ್ಕ ಮೇಲೆ ಅದರ ಮೆಮೊರಿಯಲ್ಲಿದ್ದ ಪಾಸ್‌ವರ್ಡ್ ಮಾಹಿತಿಯನ್ನು ಎತ್ತಿಕೊಂಡು, ಅದನ್ನೇ ಬಳಸಿ ಮುಂದಿನ ಸಿಸ್ಟಮ್‌ಗೆ ಹೋಗುತ್ತಿತ್ತು. ಹಾಗಾಗಿ ಪ್ಯಾಚ್, ಅಂದರೆ ದೋಷ ಸರಿಪಡಿಸುವ ಅಪ್‌ಡೇಟ್, ಪೂರ್ತಿ ಹಾಕಿದ್ದ ಸಿಸ್ಟಮ್‌ಗಳೂ ಬಿದ್ದವು. ಹಡಗು ಕಂಪನಿ ಮೇರ್ಸ್ಕ್ 4,000 ಸರ್ವರ್‌ಗಳನ್ನೂ 45,000 ಪಿಸಿಗಳನ್ನೂ ಹೊಸದಾಗಿ ಕಟ್ಟಬೇಕಾಯಿತು. ಮುಂಬೈ ಬಳಿಯ ಜವಾಹರಲಾಲ್ ನೆಹರು ಬಂದರಿನಲ್ಲಿ ಆ ಸಮೂಹ ನಡೆಸುತ್ತಿದ್ದ ಟರ್ಮಿನಲ್‌ನ ಕೆಲಸವೂ ನಿಂತುಹೋಯಿತು. ಅಲ್ಲಿನ ಉದ್ಯೋಗಿಗಳ ಪಾಸ್‌ವರ್ಡ್ 42 ದಿನ ಹಳೆಯದೋ 10 ದಿನ ಹಳೆಯದೋ ಅನ್ನುವುದರಿಂದ ಏನೂ ವ್ಯತ್ಯಾಸ ಆಗುತ್ತಿರಲಿಲ್ಲ.

ಲೋಕಲ್ ಅಡ್ಮಿನ್ ಸಮಸ್ಯೆಗೆ ಮೈಕ್ರೋಸಾಫ್ಟ್ 2015ರಲ್ಲಿ ಲ್ಯಾಪ್ಸ್ ಅನ್ನುವ ಉಚಿತ ಉಪಕರಣ ಕೊಟ್ಟಿತು. 2023ರ ಏಪ್ರಿಲ್‌ನಿಂದ ಅದು ವಿಂಡೋಸ್‌ನ ಒಳಗೇ ಬರುತ್ತಿದೆ. ಪ್ರತಿ ಸಿಸ್ಟಮ್‌ಗೂ ಬೇರೆ ಬೇರೆ ಪಾಸ್‌ವರ್ಡ್ ತಾನೇ ಹಾಕಿ, ತಾನೇ ಬದಲಿಸಿ, ಸರ್ವರ್‌ನಲ್ಲಿ ಇಡುತ್ತದೆ. ದುಡ್ಡು ಕೊಡಬೇಕಾಗಿಲ್ಲ, ಉದ್ಯೋಗಿಗಳಿಗೆ ತೊಂದರೆ ಇಲ್ಲ. ಆದರೂ ಸಣ್ಣ ಆಫೀಸುಗಳಲ್ಲಿ ಇದರ ಹೆಸರು ಕೇಳಿದವರೇ ಕಮ್ಮಿ. ಇದಕ್ಕೂ ಮೊದಲು ಕೆಲವರು ಲೋಕಲ್ ಪಾಸ್‌ವರ್ಡನ್ನು ಗ್ರೂಪ್ ಪಾಲಿಸಿಯ ಮೂಲಕವೇ ಎಲ್ಲ ಸಿಸ್ಟಮ್‌ಗೂ ಹಂಚುತ್ತಿದ್ದರು. ಆ ಫೈಲನ್ನು ಡೊಮೈನ್‌ನ ಯಾವ ಸಾಮಾನ್ಯ ಬಳಕೆದಾರನೂ ಓದಬಹುದು. ಅದರೊಳಗೆ ಗೂಢಲಿಪಿಯಲ್ಲಿದ್ದ ಪಾಸ್‌ವರ್ಡನ್ನು ಬಿಡಿಸುವ ಕೀಲಿಯನ್ನು ಮೈಕ್ರೋಸಾಫ್ಟ್ ತನ್ನ ದಾಖಲೆಗಳಲ್ಲೇ ಪ್ರಕಟಿಸಿತ್ತು! 2014ರ ಮೇ ತಿಂಗಳ ಪ್ಯಾಚ್ ಈ ದಾರಿಯನ್ನು ಮುಚ್ಚಿತು. ಆದರೆ ಹಿಂದೆ ಬರೆದಿಟ್ಟ ಫೈಲುಗಳನ್ನು ಅಳಿಸಲಿಲ್ಲ. ಹಳೇ ಡೊಮೈನ್ ನಡೆಸುತ್ತಿರುವವರು ಇವತ್ತೇ ಡೊಮೈನ್ ಕಂಟ್ರೋಲರ್‌ನ ಸಿಸ್‌ವಾಲ್ (SYSVOL) ಫೋಲ್ಡರ್‌ನಲ್ಲಿ ಅಂಥ ಫೈಲು ಉಳಿದಿದೆಯಾ ಅಂತ ಹುಡುಕುವುದು ಒಳ್ಳೆಯದು.

ಬದಲಿಸಿದರೆ ಭದ್ರವಾಗುತ್ತದಾ?

ಆಗಾಗ ಬದಲಿಸಿದರೆ ಒಳ್ಳೆಯದು ಅನ್ನುವ ನಂಬಿಕೆಯನ್ನು ಪರೀಕ್ಷೆ ಮಾಡಿದವರಿದ್ದಾರೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಬಳಕೆಯಲ್ಲಿಲ್ಲದ 10,000ಕ್ಕೂ ಹೆಚ್ಚು ಅಕೌಂಟ್‌ಗಳ ಹಳೇ ಪಾಸ್‌ವರ್ಡ್‌ಗಳನ್ನು 2010ರಲ್ಲಿ ವಿಶ್ಲೇಷಿಸಿದರು. ಹಿಂದಿನ ಪಾಸ್‌ವರ್ಡ್ ಗೊತ್ತಿದ್ದರೆ, ಶೇ. 17 ಅಕೌಂಟ್‌ಗಳ ಮುಂದಿನ ಪಾಸ್‌ವರ್ಡನ್ನು ಐದು ಊಹೆಯೊಳಗೇ ಹಿಡಿಯಬಹುದಿತ್ತು. ಜನ ಎಲ್ಲ ಕಡೆಯೂ ಒಂದೇ ಥರ. ಅಂಕಿ ಏರಿಸುತ್ತಾರೆ, ಚಿಹ್ನೆಯ ಜಾಗ ಬದಲಿಸುತ್ತಾರೆ. ಇದು ಸೋಮಾರಿತನ ಅಲ್ಲ. ತಲೆಯಲ್ಲಿ ಇಟ್ಟುಕೊಳ್ಳಲು ಆಗದ್ದನ್ನು ಮತ್ತೆ ಮತ್ತೆ ಕೇಳಿದರೆ ಯಾರೂ ಇದನ್ನೇ ಮಾಡುತ್ತಾರೆ.

ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನ ಹಳೇ ಮಾರ್ಗಸೂಚಿ ಈ ಅಭ್ಯಾಸಕ್ಕೆ ದೊಡ್ಡ ಬಲ ಕೊಟ್ಟಿತ್ತು. ಅದನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ, ಅಂದು ಬರೆದದ್ದರಲ್ಲಿ ಬಹಳಷ್ಟಕ್ಕೆ ಈಗ ವಿಷಾದವಿದೆ ಎಂದರು. ಅದೇ ವರ್ಷ ನಿಸ್ಟ್ ದಿಕ್ಕು ಬದಲಿಸಿತು. ಪಾಸ್‌ವರ್ಡ್ ಕಳುವಾದ ಸುಳಿವು ಸಿಕ್ಕಿದರೆ ಬದಲಿಸಿ, ಇಲ್ಲದಿದ್ದರೆ ಅವಧಿ ಹಾಕಬೇಡಿ. ದೊಡ್ಡಕ್ಷರ, ಚಿಹ್ನೆ ಅಂತ ಒತ್ತಾಯಿಸಬೇಡಿ. ಅದರ ಬದಲು ಈಗಾಗಲೇ ಸೋರಿಹೋಗಿರುವ ಪಾಸ್‌ವರ್ಡ್‌ಗಳ ಪಟ್ಟಿಯ ಜೊತೆ ಹೋಲಿಸಿ ನೋಡಿ. 2025ರ ಹೊಸ ಆವೃತ್ತಿಯಲ್ಲಿ ಇದು ಸಲಹೆಯಾಗಿ ಉಳಿದಿಲ್ಲ, ಕಟ್ಟುನಿಟ್ಟಾಗಿದೆ. ಪಾಸ್‌ವರ್ಡ್ ಒಂದನ್ನೇ ನಂಬಿದ ಕಡೆ ಕನಿಷ್ಠ 15 ಅಕ್ಷರ ಇರಬೇಕು ಅನ್ನುತ್ತದೆ. ಮೈಕ್ರೋಸಾಫ್ಟ್ ಕೂಡ 2019ರಲ್ಲಿ ವಿಂಡೋಸ್ 10ರ ಭದ್ರತಾ ಶಿಫಾರಸುಗಳಿಂದ ಅವಧಿಯ ನಿಯಮವನ್ನು ಕೈಬಿಟ್ಟಿತು. ಆದರೆ ಹೊಸ ಡೊಮೈನ್ ಮಾಡಿದರೆ 42 ಮಾತ್ರ ಇನ್ನೂ ಅಲ್ಲೇ ಇದೆ.

ಹಾಗಾದರೆ ನಮ್ಮ ಆಫೀಸುಗಳಲ್ಲಿ ಯಾಕೆ ಬಿಡುತ್ತಿಲ್ಲ? ಒಂದು ಕಾರಣ ಆಡಿಟ್. ಕಾರ್ಡ್ ಪಾವತಿ ನಿಭಾಯಿಸುವವರಿಗೆ ಅನ್ವಯಿಸುವ ಪಿಸಿಐ ಮಾನಕದಲ್ಲಿ, ಪಾಸ್‌ವರ್ಡ್ ಒಂದೇ ರಕ್ಷಣೆ ಆಗಿದ್ದರೆ 90 ದಿನಕ್ಕೊಮ್ಮೆ ಬದಲಿಸುವುದು ಈಗಲೂ ಒಂದು ದಾರಿ. ಅದನ್ನು ಅನುಸರಿಸಲೇಬೇಕಾದವರು ಅನುಸರಿಸಲಿ. ಆದರೆ ಅಂಥ ಬಾಧ್ಯತೆ ಇಲ್ಲದ ಕಾಲೇಜು, ಸಹಕಾರ ಸಂಘ, ಸಣ್ಣ ಕಂಪನಿಗಳು ಕೂಡ ಅದೇ ಪಟ್ಟಿಯನ್ನು ನಕಲು ಮಾಡಿಕೊಂಡು ಕೂತಿವೆ. ಆಡಿಟ್ ಪಟ್ಟಿಯಲ್ಲಿ ಟಿಕ್ ಹಾಕಲು ಅವಧಿಯ ಸಂಖ್ಯೆ ಸುಲಭ. ಸರ್ವಿಸ್ ಅಕೌಂಟ್ ಎಷ್ಟು, ಅದರ ಪಾಸ್‌ವರ್ಡ್ ಯಾವ ವರ್ಷದ್ದು ಅಂತ ಕೇಳುವುದು ಕಷ್ಟ.

ಅಕ್ಷರ ಬೆರೆಸುವ ಷರತ್ತು ಎಷ್ಟು ಕಾಪಾಡುತ್ತದೆ ಅನ್ನುವುದನ್ನೂ ಹತ್ತಿರದಿಂದ ನೋಡೋಣ. ವಿಂಡೋಸ್‌ನಲ್ಲಿ ಐದು ಗುಂಪುಗಳಿವೆ, ಮೂರರಿಂದ ಅಕ್ಷರ ಬಂದರೆ ಸಾಕು. ದೊಡ್ಡ ಬಿ ಹಾಕಿ ಇಂಗ್ಲಿಷಿನಲ್ಲಿ ಬೆಂಗಳೂರು, ಆಮೇಲೆ @, ಆಮೇಲೆ 2025. ಷರತ್ತು ಪೂರ್ತಿ ಪಾಸ್. ಇಂಥದ್ದನ್ನೇ ಕಳ್ಳರು ಮೊದಲು ಪ್ರಯತ್ನಿಸುತ್ತಾರೆ. ಒಬ್ಬರ ಮೇಲೆ ನೂರು ಪಾಸ್‌ವರ್ಡ್ ಪ್ರಯೋಗಿಸಿದರೆ ಅಕೌಂಟ್ ಲಾಕ್ ಆಗುತ್ತದೆ. ಹಾಗಾಗಿ ನೂರು ಜನರ ಮೇಲೆ ಒಂದೇ ಪಾಸ್‌ವರ್ಡ್ ಪ್ರಯೋಗಿಸುತ್ತಾರೆ. ನೂರು ಜನರಲ್ಲಿ ಒಬ್ಬರದಾದರೂ ಊರಿನ ಹೆಸರು, ವರ್ಷ ಇದ್ದೇ ಇರುತ್ತದೆ.

ಉದ್ದದ ಬಲವೇ ಬೇರೆ. ಕೀಬೋರ್ಡಿನಲ್ಲಿರುವ ಎಲ್ಲ ಥರದ ಅಕ್ಷರ ಬೆರೆಸಿದ 8 ಅಕ್ಷರದ ಪಾಸ್‌ವರ್ಡ್‌ಗಳು ಒಟ್ಟು ಎಷ್ಟು ಸಾಧ್ಯವೋ, ಅದರ ಸುಮಾರು ಹತ್ತು ಸಾವಿರ ಪಟ್ಟು ಜೋಡಣೆಗಳು ಬರೀ ಸಣ್ಣಕ್ಷರದ 14ರಲ್ಲಿ ಸಾಧ್ಯ. ಡೊಮೈನ್‌ನ ಹ್ಯಾಶ್‌ಗಳು ಕಳುವಾದರೆ, ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಸಾವಿರಾರು ಕೋಟಿ ಊಹೆ ಮಾಡಬಲ್ಲದು. 8 ಅಕ್ಷರದ ಎಲ್ಲ ಜೋಡಣೆಗಳೂ ಒಂದೇ ದಿನದೊಳಗೆ ಮುಗಿದುಹೋಗುತ್ತವೆ.

ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲ ಇದೆ. ನಿಮ್ಮದೇ ಒಂದು ಕನ್ನಡ ವಾಕ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. "ಅಜ್ಜಿಯ ಛತ್ರಿ ಬಸ್ಸಲ್ಲೇ ಮರೆತ ಮಂಗಳವಾರ" ಅನ್ನುವಂಥದ್ದು. ಉದ್ದವೂ ಆಗುತ್ತದೆ, ನೆನಪಲ್ಲೂ ಉಳಿಯುತ್ತದೆ. ಷರತ್ತಿಗಾಗಿ ಒಂದು ದೊಡ್ಡಕ್ಷರ, ಒಂದು ಅಂಕಿ ಸೇರಿಸಿದರೆ ಆಯಿತು. ಆದರೆ ಗಾದೆ, ವಚನದ ಸಾಲು, ಸಿನಿಮಾ ಹಾಡು ಬೇಡ. ಎಲ್ಲರಿಗೂ ಗೊತ್ತಿರುವ ಸಾಲು ಕಳ್ಳರ ಪಟ್ಟಿಯಲ್ಲೂ ಇರುತ್ತದೆ. ಇಲ್ಲಿ ಕೊಟ್ಟ ಉದಾಹರಣೆಯನ್ನೂ ಬಳಸಬೇಡಿ. ಅಂದಹಾಗೆ, ವಿಂಡೋಸ್‌ನ ಆ ಐದನೇ ಗುಂಪು ದೊಡ್ಡದು ಸಣ್ಣದು ಅನ್ನುವ ಭೇದವಿಲ್ಲದ ಲಿಪಿಗಳದ್ದು, ಅಂದರೆ ಕನ್ನಡ ಲಿಪಿಯೂ ಅದರಲ್ಲಿ ಸೇರುತ್ತದೆ. ಆದರೆ ಲಾಗಿನ್ ಪರದೆಯಲ್ಲಿ ಕನ್ನಡ ಕೀಬೋರ್ಡ್ ಸಿಗದ ಸಿಸ್ಟಮ್ ಮುಂದೆ ಕೂತರೆ ಒಳಗೆ ಹೋಗಲು ಆಗುವುದಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರವೇ ಸಲೀಸು.

ಲಾಕ್ ಆಗುವುದು ಯಾಕೆ

ಪಾಸ್‌ವರ್ಡ್ ಬದಲಿಸಿದ ಮರುದಿನ ಅಕೌಂಟ್ ಪದೇ ಪದೇ ಲಾಕ್ ಆದರೆ ಬೈಗುಳ ತಿನ್ನುವುದು ಉದ್ಯೋಗಿ. ತಪ್ಪು ಅವರದ್ದಲ್ಲ. ಮೊಬೈಲಿನಲ್ಲಿರುವ ಆಫೀಸ್ ಮೇಲ್ ಹಳೇ ಪಾಸ್‌ವರ್ಡನ್ನೇ ಕಳಿಸುತ್ತಿರುತ್ತದೆ. ಬೇರೆ ಸಿಸ್ಟಮ್‌ನಲ್ಲಿ ಲಾಗೌಟ್ ಆಗದೆ ಬಿಟ್ಟ ಸೆಷನ್ ಇರಬಹುದು, ಎಂದೋ ಸೇವ್ ಮಾಡಿದ ಶೇರ್ಡ್ ಫೋಲ್ಡರ್ ಇರಬಹುದು. ಲ್ಯಾಪ್‌ಟಾಪ್ ಮನೆಗೆ ಒಯ್ದಿದ್ದರೆ ಇನ್ನೊಂದು ಗೊಂದಲ. ಡೊಮೈನ್ ಕಂಟ್ರೋಲರ್ ಸಂಪರ್ಕಕ್ಕೆ ಸಿಗದಿದ್ದಾಗ ವಿಂಡೋಸ್ ಹಿಂದಿನ ಲಾಗಿನ್‌ನ ನೆನಪಿನಿಂದ ಒಳಗೆ ಬಿಡುತ್ತದೆ. ಆಫೀಸಿನ ಬೇರೆ ಸಿಸ್ಟಮ್‌ನಲ್ಲಿ ಪಾಸ್‌ವರ್ಡ್ ಬದಲಿಸಿದ್ದರೂ ಮನೆಯಲ್ಲಿ ಆ ಲ್ಯಾಪ್‌ಟಾಪ್ ಹಳೆಯದನ್ನೇ ಕೇಳುತ್ತದೆ.

ತೊಂದರೆ ಜಾಸ್ತಿಯಾದಾಗ ಜನ ಮಾಡುವುದು ಏನು? ಯಾರದ್ದೋ ಒಬ್ಬರ ಲಾಗಿನ್‌ನಲ್ಲಿ ಎಲ್ಲರೂ ಕೆಲಸ ಮಾಡುತ್ತಾರೆ. ಪಾಸ್‌ವರ್ಡ್ ಮಾನಿಟರ್ ಕೆಳಗೆ ಚೀಟಿಯಲ್ಲಿ ಅಂಟಿರುತ್ತದೆ. ಇದು ದೊಡ್ಡ ಅಪಾಯ. ನಮ್ಮ ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶದ ಪ್ರಕಾರ ಸಂಸ್ಥೆಗಳು 180 ದಿನದ ಲಾಗ್, ಅಂದರೆ ಸಿಸ್ಟಮ್‌ನಲ್ಲಿ ಏನೇನು ನಡೆಯಿತು ಅನ್ನುವ ದಾಖಲೆ, ಇಟ್ಟಿರಬೇಕು, ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು. ಆದರೆ ಐದು ಜನ ಒಂದೇ ಹೆಸರಲ್ಲಿ ಕೆಲಸ ಮಾಡಿದ ಲಾಗ್‌ನಿಂದ ಏನು ಗೊತ್ತಾಗುತ್ತದೆ? ಹಣ ಹೋದರೆ ಹೆಸರು ಇದ್ದವರ ತಲೆಗೆ ಬರುತ್ತದೆ. ಕರ್ನಾಟಕದ ಭೂಮಿ ಯೋಜನೆಯಲ್ಲಿ ಪಹಣಿ ತಂತ್ರಾಂಶಕ್ಕೆ ಸಿಬ್ಬಂದಿ ಬೆರಳಚ್ಚು ಕೊಟ್ಟು ಲಾಗಿನ್ ಆಗುವ ವ್ಯವಸ್ಥೆ ತಂದಿದ್ದರ ಹಿಂದೆ ಇದೇ ಕಾಳಜಿ ಇತ್ತು. ಮಾಡಿದ ಬದಲಾವಣೆ ನಾನು ಮಾಡಿದ್ದಲ್ಲ ಅಂತ ಯಾರೂ ಹೇಳುವಂತಿರಬಾರದು.

ನಾಳೆಯೇ ಅವಧಿಯ ನಿಯಮ ತೆಗೆದುಹಾಕಿ ಅಂತ ನಾನು ಹೇಳುತ್ತಿಲ್ಲ. 7 ಅಕ್ಷರ ಹಾಗೇ ಇಟ್ಟು ಅವಧಿ ತೆಗೆದರೆ ಇರುವುದಕ್ಕಿಂತ ಕೆಟ್ಟದಾಗುತ್ತದೆ. ಮೊದಲು ಮೊಬೈಲಿಗೆ ಬರುವ ಎರಡನೇ ದೃಢೀಕರಣ, ಅದರಲ್ಲೂ ಮೇಲ್ ಮತ್ತು ವಿಪಿಎನ್‌ಗೆ. ಆಮೇಲೆ ಸುಲಭದ ಪಾಸ್‌ವರ್ಡ್‌ಗಳನ್ನು ತಿರಸ್ಕರಿಸುವ ಪಟ್ಟಿ. ಆಮೇಲೆ ಉದ್ದ ಏರಿಸುವುದು. ಇವೆಲ್ಲ ಆದ ಮೇಲೆ ಅವಧಿ ತೆಗೆಯಬಹುದು. ಇನ್ನು ಲಾಕ್ ಆಗುವ ಮಿತಿ ಮೂರು ತಪ್ಪಿಗೇ ಇದ್ದರೆ ಹತ್ತಕ್ಕೆ ಏರಿಸಿ. ಮೂರಕ್ಕೆ ಸಿಕ್ಕಿಬೀಳುವುದು ಕಳ್ಳರಿಗಿಂತ ನಮ್ಮವರೇ ಜಾಸ್ತಿ.

ನಿಮಗೆ ಯಾವ ನಿಯಮ ಅನ್ವಯವಾಗಿದೆ ಅಂತ ನೀವೇ ನೋಡಬಹುದು. ಕಮಾಂಡ್ ಪ್ರಾಂಪ್ಟ್ ತೆರೆದು ನೆಟ್ ಯೂಸರ್ (net user) ಅಂತ ಟೈಪ್ ಮಾಡಿ, ನಿಮ್ಮ ಲಾಗಿನ್ ಹೆಸರು ಹಾಕಿ, ಕೊನೆಯಲ್ಲಿ ಸ್ಲ್ಯಾಶ್ ಡೊಮೈನ್ (/domain) ಸೇರಿಸಿ. ಪಾಸ್‌ವರ್ಡ್ ಯಾವಾಗ ಬದಲಿಸಿದ್ದು, ಯಾವತ್ತು ಮುಗಿಯುತ್ತದೆ, ಮತ್ತೆ ಯಾವಾಗ ಬದಲಿಸಬಹುದು ಎಲ್ಲ ಬರುತ್ತದೆ. ಇದಕ್ಕೆ ಅಡ್ಮಿನ್ ಅಧಿಕಾರ ಬೇಕಾಗಿಲ್ಲ. ಐಟಿ ನೋಡಿಕೊಳ್ಳುವವರಾಗಿದ್ದರೆ ಎಂದೂ ಮುಗಿಯದ ಪಾಸ್‌ವರ್ಡ್ ಇರುವ ಅಕೌಂಟ್‌ಗಳ ಪಟ್ಟಿ ತೆಗೆಯಿರಿ. ಪ್ರತಿಯೊಂದರ ಮುಂದೆ ಕೊನೆಯ ಸಲ ಬದಲಿಸಿದ ವರ್ಷ ಬರೆಯಿರಿ. ಮುಂದಿನ ಮೀಟಿಂಗ್‌ನಲ್ಲಿ ಅವಧಿ 42 ಇರಬೇಕೋ 60 ಇರಬೇಕೋ ಅನ್ನುವ ಚರ್ಚೆಗೆ ಮೊದಲು ಆ ಪಟ್ಟಿಯನ್ನು ಮೇಜಿನ ಮೇಲಿಡಿ.